ಯೇಸುವೇ ನಮ್ಮ ಆಸ್ತಿ ಅಂತ ಹಾಡ್ತೀವಿ, ಮೊಣಕಾಲೂರಿದ್ರೆ ಸೈಟು-ಚಿನ್ನದ ಮಾತು. ಪ್ರಾರ್ಥನೆ ಹೇಗಿರಬೇಕು?

ಮಂಡಿಮೊಹಲ್ಲಾ:
ಎಲ್ಲರಿಗೂ ಸ್ತೋತ್ರ. ಈಸ್ಟರ್‌ಗೆ ಮುಂಚಿನ ಲೆಂಟ್ ಉಪವಾಸದ ದಿನಗಳಲ್ಲಿ ಆರು ವಾರ ಮನೆಪ್ರಾರ್ಥನೆ ಇಟ್ಕೊಳ್ಳೋಣ ಅಂತ ಮೈಸೂರಿನ ನಮ್ಮ ಏರಿಯಾದ ಕೆಲವು ಕುಟುಂಬದವರು ಮಾತಾಡ್ಕೊಂಡಿದ್ದಾರೆ. ವಿಷಯ: ಲೋಕದ ಆಸ್ತಿಪಾಸ್ತಿಗಿಂತ ಯೇಸುವನ್ನು ಹೆಚ್ಚಾಗಿ ಎಣಿಸೋದು. ಪ್ರಸಂಗ ಬೇಕಾದಷ್ಟು ಕೇಳಿದ್ದಾರೆ, ಬೇಕಿರೋದು ಪ್ರಾರ್ಥನೆಯ ಕ್ರಮ. ವಾರಕ್ಕೊಂದು ಸಂಜೆ, ಒಂದೂವರೆ ಗಂಟೆ. ಬರೋರಲ್ಲಿ ಸರ್ಕಾರಿ ನೌಕರರು, ಪೆನ್ಷನ್‌ದಾರರು, ಆಟೋ ಓಡಿಸೋರು, ಮಂಡ್ಯ ಕಡೆ ಜಮೀನಿರೋರು ಎಲ್ಲ ಇದ್ದಾರೆ. ಪ್ರಾರ್ಥನಾ ವಿಷಯ ಕೇಳಿದ್ರೆ ಬರೋದು ಇಷ್ಟೇ: 30-40 ಸೈಟಿಗೆ ಖಾತೆ ಆಗಲಿ, ಗಿರವಿ ಇಟ್ಟ ಒಡವೆ ಬಿಡಿಸಿಕೊಳ್ಳೋ ಹಾಗಾಗಲಿ, ಚೀಟಿ ಕೈಗೆ ಬರಲಿ. ಹೀಗೆ ಕೇಳೋದೇ ತಪ್ಪಾ? ತಪ್ಪಲ್ಲ ಅಂದ್ರೆ ಎಲ್ಲಿಂದ ಶುರು ಮಾಡಬೇಕು?

ಸಭಾಹಿರಿಯ:
ಕೇಳೋದು ತಪ್ಪಲ್ಲ, ಕೇಳೋ ಸರದಿ ತಪ್ಪು. ಯೇಸು ಕಲಿಸಿದ ಕರ್ತನ ಪ್ರಾರ್ಥನೆ ನೋಡಿ: ಮೊದಲು ತಂದೆಯ ನಾಮ, ಆಮೇಲೆ ಆತನ ರಾಜ್ಯ, ಆತನ ಚಿತ್ತ. ಅನ್ನದ ಮಾತು ನಾಲ್ಕನೆಯದು. ನಾವು ನಾಲ್ಕನೆಯದರಿಂದ ಹೊರಟು ಅಲ್ಲೇ ಆಮೆನ್ ಹೇಳ್ತೀವಿ.

ಇನ್ನೊಂದು ಮಾತು. ಇಂಥ ಕೂಟಗಳಲ್ಲಿ ಸಾಮಾನ್ಯವಾಗಿ ಮೊದಲ ದಿನವೇ "ಎಲ್ಲ ಬಿಟ್ಟುಕೊಡಿ" ಅಂತ ಶುರು ಮಾಡ್ತಾರೆ. ಮತ್ತಾಯ 13:44ನ್ನು ನಿಧಾನವಾಗಿ ಓದಿ. ಹೊಲದಲ್ಲಿ ನಿಧಿ ಕಂಡವನು ಮೊದಲು ಸಂತೋಷಪಟ್ಟ, ಆ ಸಂತೋಷದಲ್ಲೇ ಹೋಗಿ ಇದ್ದದ್ದನ್ನೆಲ್ಲ ಮಾರಿದ. ಮಾರ್ಕ 10:17ರಿಂದ ಬರೋ ಐಶ್ವರ್ಯವಂತನಿಗೂ "ಮಾರು" ಅನ್ನೋ ಮಾತೇ ಸಿಕ್ಕಿತು, ಅವನು ಮುಖ ಬಾಡಿಸಿಕೊಂಡು ಹೋದ. ಒಬ್ಬನ ಕಣ್ಣಿಗೆ ನಿಧಿ ಬಿದ್ದಿತ್ತು, ಇನ್ನೊಬ್ಬನಿಗೆ ಕಾಣಿಸಿದ್ದು ಕೈಬಿಟ್ಟು ಹೋಗೋದು ಮಾತ್ರ. 21ನೇ ವಚನದಲ್ಲಿ ಯೇಸು ಅವನನ್ನು ನೋಡಿ ಪ್ರೀತಿಸಿದ ಅಂತಿದೆ, ಆ ನೋಟವನ್ನು ಅವನು ಗಮನಿಸಲೇ ಇಲ್ಲ. ಹಾಗಾಗಿ ಮೊದಲ ಎರಡು ವಾರ ಬಿಡೋ ಮಾತೇ ಬೇಡ. ಯೇಸು ಯಾರು, ಏನು ಮಾಡಿದ, ಇದನ್ನೇ ಹೇಳಿ ಸ್ತುತಿಸಿ. ಕೊಲೊಸ್ಸೆ 1:15-20 ಇಟ್ಟುಕೊಂಡು ಒಬ್ಬೊಬ್ಬರು ಒಂದೊಂದು ವಾಕ್ಯ. "ಕೊಡು" ಅನ್ನೋ ಪದ ಬರಕೂಡದು. ಬಂದರೆ ನಿಲ್ಲಿಸಿ, ಮತ್ತೆ ಶುರು ಮಾಡಿಸಿ. ಮೊದಲ ಸಲ ಮೂರೇ ನಿಮಿಷಕ್ಕೆ ಮಾತು ಖಾಲಿಯಾಗುತ್ತೆ. ಆಗ ಗಾಬರಿಯಾಗಿ ಹಾಡು ಹಾಕಿಬಿಡಬೇಡಿ, ಖಾಲಿಯಾಗಿರೋದು ಗೊತ್ತಾಗೋದೇ ಒಳ್ಳೇದು.

ಕಬ್ಬಿನಗದ್ದೆ:
ವಸಿ ತಡೀರಿ ಹಿರಿಯರೇ. ಕಬ್ಬು ಕಡುದು ಕಾರ್ಖಾನೆಗೆ ಹಾಕ್ದೋನು ಬಿಲ್ಲು ಬರ್ಲಿ ಅಂತ ದೇವ್ರನ್ನ ಕೇಳದು ಆಸೆಬುರುಕತನ ಅಲ್ಲ ಕನಣ್ಣ, ಅದು ಅವನ ದುಡಿಮೆ. 1966ರ ಕಬ್ಬು ನಿಯಂತ್ರಣ ಆದೇಶದಲ್ಲೇ ಐತೆ: ಕಬ್ಬು ಒಪ್ಪಿಸಿದ 14 ದಿನದೊಳಗೆ ಕಾಸು ಕೊಡ್ಬೇಕು, ತಡ ಮಾಡುದ್ರೆ ವರ್ಸಕ್ಕೆ ನೂರಕ್ಕೆ 15ರಂಗೆ ಬಡ್ಡಿ. "ನಂಗೆ ಯೇಸು ಸಾಕು, ಬಿಲ್ಲು ಬಂದ್ರೆ ಬರ್ಲಿ ಬುಟ್ರೆ ಬುಡ್ಲಿ" ಅಂತ ಕುಂತ್ಕಂಡ್ರೆ ಅದು ಭಕ್ತಿ ಅಲ್ಲ, ಸೋಂಬೇರಿತನ. ಅರ್ಜಿ ಕೊಡ್ಬೇಕು, ಪ್ರಾರ್ಥನೇನೂ ಮಾಡ್ಬೇಕು. ಯಾಕೋಬ 5:4ರಲ್ಲಿ ತಡೆಹಿಡಿದ ಕೂಲಿನೇ ಕೂಗ್ತದೆ ಅಂತ ಬರ್ದೈತೆ.

ಆದ್ರೆ ಅದೇ ವಚನ ನಮ್ಮ ಕಡೀಕೂ ತಿರುಗ್ತದೆ. ಕಬ್ಬು ಕಡಿದ ಗ್ಯಾಂಗ್‌ನೋರ ಕೂಲಿ ಬಾಕಿ ಮಡಗಿ, ಅದೇ ಕಾಸಲ್ಲಿ ಬೈಕ್‌ಗೆ ಅಡ್ವಾನ್ಸ್ ಕೊಟ್ಟು ಪ್ರಾರ್ಥನೆಗೆ ಕುಂತ್ರೆ ಯಾವ ಸ್ತೋತ್ರ ಮೇಲಕ್ಕೆ ಹೋಯ್ತದೆ?

ನಮ್ಮಂಥೋರಿಗೆ ಇನ್ನೊಂದು ತೊಡಕೈತೆ. "ಅನುದಿನದ ಆಹಾರ" ಅನ್ನೋ ಪ್ರಾರ್ಥನೆ ಸಂಬಳದೋರಿಗೆ ಸಲೀಸು. ಕಬ್ಬು ಕೈಗೆ ಬರಾಕೆ ಹತ್ತು-ಹನ್ನೆರಡು ತಿಂಗಳು, ಕಾಸು ಬರದು ಒಂದೇ ಸಲ. ಒಟ್ಟಿಗೆ ಕಂಡ ದುಡ್ಡು ತಲೆ ತಿರುಗುಸ್ತದೆ. ಅದ್ಕೆ ಬಿಲ್ಲು ಬರೋ ಮುಂಚೇನೇ ಪ್ರಾರ್ಥನೇಲಿ ಭಾಗ ಮಾಡ್ಬುಡಿ. ಕಡಿಯೋರ ಕೂಲಿ, ಸೊಸೈಟಿ ಸಾಲ, ಗೊಬ್ಬರ, ದೇವರ ಪಾಲು ಇಷ್ಟೂ ಬರೆದಿಟ್ಟು, ಮಿಕ್ಕಿದ್ನ 12 ಮಾಡಿ. 1,80,000 ಮಿಕ್ತು ಅಂದ್ರೆ ತಿಂಗಳಿಗೆ 15,000. ಪ್ರತಿ ತಿಂಗಳು ಒಂದನೇ ತಾರೀಕು ಅಷ್ಟೇ ತಗೀರಿ, ತಗಿಯೋವಾಗ ಮನೇರೆಲ್ಲ ಕುಂತು ಕರ್ತನ ಪ್ರಾರ್ಥನೆ ಹೇಳಿ. ವಿಮೋಚನಕಾಂಡ 16ರಲ್ಲಿ ದೇವ್ರು ದಿನಾ ಕೊಟ್ಟ ಮನ್ನ ಅನ್ನೋ ಆಹಾರದಂಗೆ, ತಲೆಗೆ ಒಂದು ಓಮೆರ್ ಅಳತೆ. ನಾಳೀಕೆ ಅಂತ ಮಡಗಿದ್ದು ಹುಳ ಬಿತ್ತು.

ಗೃಹಸಭೆ:
ಬ್ರದರ್, ಕೂಡಿಡೋದೇ ಪಾಪ ಅನ್ನೋ ಹಾಗಾಯ್ತಲ್ಲ? ಜ್ಞಾನೋಕ್ತಿ 6ರಲ್ಲಿ ಇರುವೆ ಸುಗ್ಗಿಯಲ್ಲಿ ಕೂಡಿಡುತ್ತೆ.

ಕಬ್ಬಿನಗದ್ದೆ:
ಇರುವೆ ಕೂಡಿಡ್ಲಿ ಬುಡಿ. ಲೂಕ 12ರ ರೈತ ಕಣಜ ಕಿತ್ತು ಇನ್ನೂ ದೊಡ್ಡದು ಕಟ್ತೀನಿ ಅಂದ, ಅವನ ಮಾತಲ್ಲಿ ಪೂರ್ತಿ "ನನ್ನ ಬೆಳೆ, ನನ್ನ ಕಣಜ, ನನ್ನ ಪ್ರಾಣ". ದೇವರ ಹೆಸ್ರೂ ಇಲ್ಲ, ಪಕ್ಕದ ಮನೆಯೋನೂ ಇಲ್ಲ. ಅದ್ಕೇ ಬುದ್ಧಿಯಿಲ್ಲದೋನೆ ಅನ್ನುಸ್ಕೊಂಡ. ಕೂಡಿಟ್ಟದ್ರ ಪಟ್ಟೀಲಿ ಬೇರೇರ ಹೆಸ್ರು ಐತಾ ನೋಡ್ಕೊಳಿ, ಅಷ್ಟೇಯ.

ಕೆ.ಆರ್.ನಗರದವಳು:
ನಾನು ಕಥೋಲಿಕಳು, ಧರ್ಮೋಪದೇಶ ಹೇಳಿಕೊಡುವವಳು. ನಮ್ಮಲ್ಲಿ ರೂಢಿಯಲ್ಲಿರುವ ಎರಡು ವಿಧಾನ ನಿಮ್ಮ ಕೂಟಕ್ಕೂ ಆಗಿಬರುತ್ತವೆ.

ಒಂದು, ರಾತ್ರಿಯ ಆತ್ಮಶೋಧನೆ. ಲೊಯೋಲದ ಸಂತ ಇಗ್ನಾಸಿಯವರಿಂದ ಬಂದದ್ದು, ಐದು ಹೆಜ್ಜೆ, ಹೆಚ್ಚೆಂದರೆ 15 ನಿಮಿಷ. ದಿನದ ಕೃಪೆಗಳಿಗೆ ವಂದನೆ. ಪವಿತ್ರಾತ್ಮರ ಬೆಳಕಿಗಾಗಿ ಬೇಡಿಕೆ. ಬೆಳಗಿನಿಂದ ರಾತ್ರಿವರೆಗೆ ದಿನದ ಅವಲೋಕನ. ತಪ್ಪಿದ್ದಕ್ಕೆ ಪಶ್ಚಾತ್ತಾಪ. ನಾಳೆಗೆ ಒಂದು ನಿರ್ಧಾರ. ನಿಮ್ಮ ವಿಷಯಕ್ಕೆ ಮೂರನೆಯ ಹೆಜ್ಜೆಯಲ್ಲಿ ಮೂರು ಪ್ರಶ್ನೆ ಸೇರಿಸಿಕೊಳ್ಳಿ: ಇವತ್ತು ಯಾವ ವಸ್ತುವಿನ ಬಗ್ಗೆ ಹೆಚ್ಚು ಯೋಚಿಸಿದೆ? ಯಾರ ಬಳಿ ಇರುವುದನ್ನು ನೋಡಿ ಮನಸ್ಸು ಕಹಿಯಾಯಿತು? ಹಣ ಉಳಿಸಲು ಯಾರಿಂದ ತಪ್ಪಿಸಿಕೊಂಡೆ? ಉತ್ತರದಲ್ಲಿ ವಸ್ತುವಿನ ಹೆಸರು ಬರಬೇಕು. "ಲೋಕದ ಆಸೆ" ಅಂದರೆ ಏನೂ ಹೇಳಿದಂತಾಗಲಿಲ್ಲ. "ನಾದಿನಿಯ ಎರಡೆಳೆ ಸರ" ಅಂದರೆ ಅದು ನಿವೇದನೆ. ಜನ ಎಡವುವುದು ನಾಲ್ಕನೆಯ ಹೆಜ್ಜೆಯಲ್ಲಿ. ಅಲ್ಲೇ ಕುಳಿತು ತಮ್ಮನ್ನು ಬೈದುಕೊಳ್ಳುತ್ತಾ ಐದನೆಯದಕ್ಕೆ ಬರುವುದೇ ಇಲ್ಲ. ಎರಡು ನಿಮಿಷಕ್ಕೆ ಮುಗಿಸಿ ಮುಂದಕ್ಕೆ ಹೋಗಬೇಕು.

ಎರಡನೆಯದು 73ನೇ ಕೀರ್ತನೆ. ಹೊಟ್ಟೆಕಿಚ್ಚಿಗೆ ಇದಕ್ಕಿಂತ ಒಳ್ಳೆಯ ಪ್ರಾರ್ಥನೆ ನನಗೆ ಗೊತ್ತಿಲ್ಲ. ಎಲ್ಲರೂ 25ನೇ ವಚನವನ್ನು ಬಾಯಿಪಾಠ ಮಾಡುತ್ತಾರೆ, ಪರಲೋಕದಲ್ಲಿ ನಿನ್ನ ಹೊರತು ನನಗೆ ಯಾರಿದ್ದಾರೆ ಎನ್ನುವುದು. ಆದರೆ ಈ ಕೀರ್ತನೆ ಹಾಡಿದ ಆಸಾಫ ಅಲ್ಲಿಗೆ ಸೀದಾ ಬರಲಿಲ್ಲ. 3ನೇ ವಚನದಲ್ಲಿ ಕೊಬ್ಬಿದವರ ಸುಖ ಕಂಡು ಉರಿದುಕೊಂಡ, 13ರಲ್ಲಿ ಶುದ್ಧವಾಗಿ ಬದುಕಿದ್ದೇ ದಂಡವಾಯಿತು ಅಂದ, 17ರಲ್ಲಿ ದೇವಾಲಯಕ್ಕೆ ಹೋದ, ಅಲ್ಲಿ ನೋಟ ಬದಲಾಯಿತು. ಮೂರು ಭಾಗ ಮಾಡಿ ಓದಿಸಿ: 1-14, 15-20, 21-28. ಒಂದೊಂದು ಭಾಗದ ನಂತರ ಐದು ನಿಮಿಷ ಮೌನ. ಮೊದಲ ಭಾಗದಲ್ಲಿ ತಮ್ಮ ದೂರನ್ನು ಮುಚ್ಚುಮರೆಯಿಲ್ಲದೆ ದೇವರಿಗೆ ಹೇಳಲಿ. ದೂರು ಹೇಳದೆ 25ಕ್ಕೆ ಹಾರಿದವರ ಬಾಯಲ್ಲಿ ಆ ಮಾತು ನಿಲ್ಲುವುದಿಲ್ಲ.

ಗೃಹಸಭೆ:
ಸಿಸ್ಟರ್ ಹೇಳಿದ್ದಕ್ಕೆ ಆಮೆನ್. ಒಂದು ಪ್ರಶ್ನೆ, ಜಗಳಕ್ಕಲ್ಲ. ದೋರನಹಳ್ಳಿಯ ಸಂತ ಅಂತೋಣಿ ಚರ್ಚಿಗೆ ಜನ ಹೋಗೋದೇ ಕಳೆದುಹೋದ ಸಾಮಾನು ಸಿಗಲಿ ಅಂತ. ಅದು ಆಸ್ತಿಯನ್ನ ಹಿಡ್ಕೊಳ್ಳೋ ಪ್ರಾರ್ಥನೆ ಆಗಲಿಲ್ವಾ?

ಕೆ.ಆರ್.ನಗರದವಳು:
ಹಾಗೆ ಹೋಗುವವರೂ ಇದ್ದಾರೆ, ಇಲ್ಲ ಅನ್ನಲಾರೆ. 2019ರಲ್ಲಿ ಆ ಚರ್ಚು ಬಸಿಲಿಕ (ಪೋಪರಿಂದ ವಿಶೇಷ ಗೌರವ ಪಡೆದ ಚರ್ಚು) ಆದ ಮೇಲೆ ಜೂನ್ 13ರ ಹಬ್ಬಕ್ಕೆ ಬರುವವರ ಪೈಕಿ ಹರಕೆಯವರೇ ಹೆಚ್ಚೇನೋ. ಆದರೆ 1231ರಲ್ಲಿ ತೀರಿಕೊಂಡ ಆ ಸಂತ ಅಂತೋಣಿ ಫ್ರಾನ್ಸಿಸ್ಕನ್ ಸನ್ಯಾಸಿ, ಸ್ವಂತದ್ದು ಅಂತ ಏನೂ ಇಟ್ಟುಕೊಳ್ಳದ ವ್ರತದವರು. ಅವರ ಬಗ್ಗೆ ಒಂದು ಹಳೆಯ ಐತಿಹ್ಯವಿದೆ: ಸತ್ತ ಜಿಪುಣನೊಬ್ಬನ ಎದೆ ಸೀಳಿದರೆ ಹೃದಯವೇ ಇರಲಿಲ್ಲವಂತೆ, ಹುಡುಕಿದಾಗ ಹಣದ ಪೆಟ್ಟಿಗೆಯಲ್ಲಿ ಸಿಕ್ಕಿತಂತೆ. ಲೂಕ 12:34ರ ಕಥಾರೂಪ. ಅವರ ಹೆಸರಿನಲ್ಲಿ ಬಡವರಿಗೆ ರೊಟ್ಟಿ ಹಂಚುವ ಪದ್ಧತಿಯೂ ಉಂಟು. ಕಳೆದ ಸರ ಸಿಗಲಿ ಅಂತ ಬೇಡುವವರಿಗೆ ನಾನು ಹೇಳಿಕೊಡುವುದು ಹೀಗೆ: "ಸಿಕ್ಕರೆ ಇಷ್ಟು ಭಾಗ ಬಡವರಿಗೆ, ಸಿಗದಿದ್ದರೂ ನನ್ನ ಹೃದಯ ನಿಮ್ಮ ಬಳಿಯೇ ಇರಲಿ." ಎರಡನೆಯ ಅರ್ಧವನ್ನು ಹೇಳಲು ಬಾಯಿ ಬಾರದಿದ್ದರೆ ಏನು ಕಳೆದುಹೋಗಿದೆ ಅಂತ ಅವರಿಗೇ ತಿಳಿಯುತ್ತದೆ.

ಲೆಕ್ಕಪತ್ರ:
ಸಭೆಯ ಲೆಕ್ಕ ನೋಡೋ ಕೆಲಸದಲ್ಲಿರೋದ್ರಿಂದ ಹಣದ ಕಡೆಯಿಂದ ನಾಲ್ಕು ಮಾತು. ಪ್ರಾರ್ಥನೆಗೂ ಲೆಕ್ಕದ ಪುಸ್ತಕಕ್ಕೂ ನಂಟಿಲ್ಲದಿದ್ರೆ ಆರು ವಾರ ಆದ್ಮೇಲೆ ಎಲ್ಲ ಇದ್ದ ಹಾಗೇ ಇರುತ್ತೆ.

ಒಂದು 40 ಪುಟದ ನೋಟ್‌ಬುಕ್ ಸಾಕು. ಎಡಗಡೆ ಒಂದು ವಸ್ತು ಅಥವಾ ಉಳಿತಾಯದ ಹೆಸರು: ಸೈಟು, ಒಡವೆ, ಎಫ್‌ಡಿ, ಗಾಡಿ. ಬಲಗಡೆ "ಇದು ಇವತ್ತು ರಾತ್ರಿ ಹೋದ್ರೆ ನನಗೆ ಯಾವುದರ ಭಯ?" ಅನ್ನೋದಕ್ಕೆ ಒಂದು ಸಾಲು ಉತ್ತರ. ವಾರಕ್ಕೆ ಒಂದೇ ವಸ್ತು, ಒಂದೇ ದಿನ ಪಟ್ಟಿ ಪೂರ್ತಿ ಮಾಡಿದ್ರೆ ಅದು ಆಸ್ತಿ ವಿವರ ಆಗುತ್ತೆ, ಪ್ರಾರ್ಥನೆ ಆಗಲ್ಲ. ಪ್ರಾರ್ಥಿಸೋವಾಗ ಅಂಗೈ ಕೆಳಮುಖ ಮಾಡಿ ಆ ವಸ್ತುವಿನ ಹೆಸರು, ಆ ಭಯ ಎರಡನ್ನೂ ಹೇಳಿ ಒಪ್ಪಿಸಿ. ಆಮೇಲೆ ಅಂಗೈ ಮೇಲೆ ಮಾಡಿ ಆ ಭಯಕ್ಕೆ ತಕ್ಕ ವಾಗ್ದಾನ ಓದಿ. ನಾಳೆಯ ಚಿಂತೆಗೆ ಮತ್ತಾಯ 6:31-33, ಒಂಟಿತನದ ಭಯಕ್ಕೆ ಇಬ್ರಿಯ 13:5, ಮರ್ಯಾದೆ ಹೋಗುತ್ತೆ ಅನ್ನೋ ಭಯಕ್ಕೆ 1 ಪೇತ್ರ 1:3-5. ಬಹಳ ಸಲ ವಸ್ತುವಿನ ಹಿಂದೆ ಇರೋದು ಇಂಥದ್ದೊಂದು ಭಯ, ಅದನ್ನು ಮುಟ್ಟದೆ ವಸ್ತುವನ್ನಷ್ಟೇ ಬಿಟ್ಟವರು ಬೇರೆ ವಸ್ತು ಹಿಡ್ಕೊಳ್ತಾರೆ.

ಮೀಟರ್ ಬಡ್ಡಿ ಸಾಲದಲ್ಲಿ ಇರೋರನ್ನ ಕಾಣಿಕೆಗೆ ಒತ್ತಾಯ ಮಾಡಬೇಡಿ. ಹೊಸ ಒಡಂಬಡಿಕೆಯಲ್ಲಿ ಶೇಕಡಾವಾರು ಕಟ್ಟಳೆ ಇಲ್ಲ. 1 ಕೊರಿಂಥ 16:2ರಲ್ಲಿ ವಾರದ ಮೊದಲ ದಿನ ಸಂಪಾದನೆಗೆ ತಕ್ಕಂತೆ ತೆಗೆದಿಡಿ ಅಂತಿದೆ, 2 ಕೊರಿಂಥ 9:7ರಲ್ಲಿ ಬಲವಂತ ಬೇಡ ಅಂತಿದೆ.

ಗೃಹಸಭೆ:
ಇಲ್ಲಿ ಒಪ್ಪಲ್ಲ. ದಶಮಾಂಶ, ಅಂದ್ರೆ ಹತ್ತರಲ್ಲೊಂದು ಪಾಲು, ಮೋಶೆಗಿಂತ ಮುಂಚೆ ಅಬ್ರಹಾಮ ಯಾಜಕನಾದ ಮೆಲ್ಕಿಚೆದೆಕನಿಗೆ ಕೊಟ್ಟದ್ದು. 25,000 ಸಂಬಳದಲ್ಲಿ 2,500 ಮೊದಲೇ ತೆಗೆದಿಟ್ಟವನಿಗೆ ಪ್ರತಿ ತಿಂಗಳೂ ಒಂದು ಪ್ರಶ್ನೆ ಎದುರಾಗುತ್ತೆ: ಯಾರನ್ನು ನಂಬಿದ್ದೀಯ? "ಮನಸ್ಸಿಗೆ ತೋಚಿದಷ್ಟು" ಅಂದ್ರೆ ಮನಸ್ಸಿಗೆ ತೋಚೋದು ಹತ್ತು ರೂಪಾಯಿ ನೋಟು.

ಆದ್ರೆ ನಮ್ಮ ಕಡೆಯ ಸಭೆಗಳ ಬಗ್ಗೆ ನಾನೇ ಹೇಳಬೇಕು. ಮಲಾಕಿಯ 3:10 ಓದಿ ನೂರು ಕೊಟ್ರೆ ಸಾವಿರ ಬರುತ್ತೆ ಅಂತ ಸಾರೋದು ಯೇಸುವನ್ನು ಚೀಟಿ ಕಂಪನಿ ಮಾಡಿದ ಹಾಗೆ. ಮಾರ್ಕ 10:30ರ ನೂರರಷ್ಟು ಅನ್ನೋದನ್ನ ಮೈಕಲ್ಲಿ ಹೇಳ್ತಾರೆ, ಅದೇ ವಚನದಲ್ಲಿ "ಹಿಂಸೆಗಳ ಸಹಿತ" ಅಂತ ಇರೋದನ್ನ ನುಂಗ್ತಾರೆ. ಅಂಥ ಪ್ರಾರ್ಥನೆಯಲ್ಲಿ ನಿಧಿ ಆಗಿರೋದು ಹಣ, ಯೇಸು ಅಲ್ಲಿಗೆ ದಾರಿ ಮಾತ್ರ. ಪರೀಕ್ಷೆ ಸುಲಭ: ಕೇಳಿದ್ದು ಸಿಗದ ತಿಂಗಳು ಆರಾಧನೆಗೆ ಬರೋ ಮುಖಗಳನ್ನ ನೋಡಿ.

ಉಪವಾಸವನ್ನ ಸೇರಿಸ್ಕೊಳ್ಳಿ. ಶುಕ್ರವಾರ ಒಂದು ಊಟ ಬಿಟ್ಟು, ಆ ಊಟದ ದುಡ್ಡು ಒಂದು ಡಬ್ಬಿಗೆ. ಡಬ್ಬಿ ಇಲ್ಲದ ಉಪವಾಸ ಅಂದ್ರೆ ಉಳಿತಾಯ ಅಷ್ಟೇ. ಶುಗರ್ ಇರೋರು, ಮಾತ್ರೆ ತಗೊಳ್ಳೋರು ಊಟ ಬಿಡೋದು ಬೇಡ. ಅವರು ಮೊಬೈಲಿನ ಶಾಪಿಂಗ್ ಆ್ಯಪ್ ಬಿಡಲಿ, ಅದು ಇನ್ನೂ ಕಷ್ಟ.

ಕೆ.ಆರ್.ನಗರದವಳು:
ನಮ್ಮಲ್ಲಿ ಬೂದಿ ಬುಧವಾರ, ಶುಭ ಶುಕ್ರವಾರ ಎರಡೂ ದಿನ ಉಪವಾಸ ಕಡ್ಡಾಯ: 18 ತುಂಬಿದವರಿಂದ 59 ತುಂಬುವವರೆಗೆ, ಒಂದು ಪೂರ್ಣ ಊಟ, ಎರಡು ಕಿರು ಆಹಾರ. ಕಾಯಿಲೆಯವರಿಗೆ ವಿನಾಯಿತಿ. ಆ್ಯಪ್ ಬಿಡುವ ಮಾತಿಗೆ ನನ್ನದೂ ಓಟು.

ಮಂಡಿಮೊಹಲ್ಲಾ:
ತುಂಬಾ ಉಪಯೋಗ ಆಯ್ತು. ಗುಂಪಲ್ಲಿ ಕೆಲವರಿಗೆ ಸೈಟೂ ಇಲ್ಲ, ಚಿನ್ನಾನೂ ಇಲ್ಲ. ಅವರು ಈ ಆರು ವಾರ ಏನು ಮಾಡಬೇಕು? ಮತ್ತೆ ಒಡವೆ ಹಾಕ್ಕೊಂಡು ಬರೋದೇ ತಪ್ಪು ಅಂತ ಒಬ್ಬರು ಈಗಾಗಲೇ ಶುರು ಹಚ್ಕೊಂಡಿದ್ದಾರೆ.

ಸಭಾಹಿರಿಯ:
ಒಡವೆ ವಿಷಯ ಬೇಗ ಮುಗಿಸ್ತೀನಿ. ವಿಮೋಚನಕಾಂಡ 32ರಲ್ಲಿ ಕಿವಿಯ ಮುರುವು ಬಿಚ್ಚಿ ಪೂಜೆಗೆ ಚಿನ್ನದ ಕರು ಮಾಡಿದರು. ಅದೇ ಜನ 36ನೇ ಅಧ್ಯಾಯದಲ್ಲಿ ದೇವರ ಗುಡಾರಕ್ಕೆ ಎಷ್ಟು ತಂದುಕೊಟ್ಟರು ಅಂದ್ರೆ ಮೋಶೆ "ಸಾಕು, ಇನ್ನು ತರಬೇಡಿ" ಅಂತ ಸಾರಬೇಕಾಯ್ತು. ಅದೇ ಚಿನ್ನ. ಕೂಟದಲ್ಲಿ ಯಾರ ಕತ್ತು-ಕಿವಿಯನ್ನೂ ನೋಡಬೇಡಿ.

ಆಸ್ತಿ ಇಲ್ಲದವರ ಪ್ರಶ್ನೆ ಮುಖ್ಯವಾದದ್ದು. ಫಿಲಿಪ್ಪಿ 3:8ರಲ್ಲಿ ಪೌಲ ಎಲ್ಲವನ್ನೂ ನಷ್ಟ ಅಂತ ಎಣಿಸಿದ್ದನ್ನು ಹೇಳ್ತೀವಿ. ಆ "ಎಲ್ಲ" ಏನು ಅಂತ 5-6ನೇ ವಚನದಲ್ಲಿ ಅವನೇ ಪಟ್ಟಿ ಕೊಟ್ಟಿದ್ದಾನೆ: ಎಂಟನೇ ದಿನದ ಸುನ್ನತಿ, ಇಸ್ರಾಯೇಲ ವಂಶ, ಬೆನ್ಯಾಮೀನನ ಕುಲ, ಫರಿಸಾಯನೆಂಬ ಹೆಸರು, ಧರ್ಮಶಾಸ್ತ್ರದ ಪ್ರಕಾರ ನಿರ್ದೋಷಿ. ಅದರಲ್ಲಿ ಹೊಲ-ಮನೆ ಒಂದೂ ಇಲ್ಲ, ಪೂರ್ತಿ ಮನೆತನ ಮತ್ತು ಮರ್ಯಾದೆ. ನಮ್ಮಲ್ಲಿ ಇದರ ರೂಪಗಳು ಗೊತ್ತೇ ಇವೆ: "ನಾವು ನಾಲ್ಕು ತಲೆಮಾರಿನ ಕ್ರೈಸ್ತರು", ಕಮಿಟಿಯ ಸ್ಥಾನ, ಮುಂದಿನ ಸಾಲಿನ ಬೆಂಚು, ಆರಾಧನೆಯಲ್ಲಿ ಪಾಠ ಓದೋ ಹಕ್ಕು, "ನಾನು ಸಾಲ ಮಾಡಿದವನಲ್ಲ" ಅನ್ನೋ ಜಂಬ. ಇಂಥದ್ದು ಬಡವನ ಹತ್ತಿರವೂ ಇರುತ್ತೆ, ಸೈಟಿಗಿಂತ ಗಟ್ಟಿಯಾಗಿ ಅಂಟಿಕೊಂಡಿರುತ್ತೆ. ಐದನೇ ವಾರ ನೋಟ್‌ಬುಕ್ಕಿನ ಎಡಗಡೆ ಇವನ್ನೇ ಬರೆಸಿ. ಆ ವಾರ ಕೂಟ ಸ್ವಲ್ಪ ಬಿಗಿಯಾಗುತ್ತೆ, ಸಿದ್ಧವಾಗಿರಿ.

ವಾಕ್ಯಭಾಗಗಳು ನನ್ನ ಲೆಕ್ಕದಲ್ಲಿ: ಮೊದಲ ವಾರ ಕೊಲೊಸ್ಸೆಯ ಸ್ತುತಿ, ಎರಡನೇದು ಮತ್ತಾಯ 13:44-46, ಮೂರನೇದು ಸಿಸ್ಟರ್ ಹೇಳಿದ 73ನೇ ಕೀರ್ತನೆ, ನಾಲ್ಕಕ್ಕೆ ಮಾರ್ಕ 10:17-31, ಐದಕ್ಕೆ ಫಿಲಿಪ್ಪಿ 3:4-11, ಆರಕ್ಕೆ ಲೂಕ 19ರ ಸುಂಕದವನಾದ ಜಕ್ಕಾಯ. 90 ನಿಮಿಷದಲ್ಲಿ ಹಾಡು 10, ವಾಕ್ಯವನ್ನು ಮೂರು ಸಲ ಓದೋದಕ್ಕೆ 15, ಮೌನ 20, ಇಬ್ಬಿಬ್ಬರಾಗಿ ಪ್ರಾರ್ಥನೆ 25, ಬೇಡಿಕೆಗಳು 15, ಕೊನೆಗೆ ಕರ್ತನ ಪ್ರಾರ್ಥನೆ ಮತ್ತು ಆಶೀರ್ವಾದ 5. ಮೌನ ಮೊದಲ ವಾರ 5 ನಿಮಿಷಕ್ಕಿಂತ ಹೆಚ್ಚು ಬೇಡ, ರೂಢಿ ಇಲ್ಲದವರು ತೂಕಡಿಸ್ತಾರೆ ಇಲ್ಲಾ ಕೆಮ್ಮೋಕೆ ಶುರು ಮಾಡ್ತಾರೆ. ಮಿಕ್ಕ 15 ನಿಮಿಷ ಸ್ತುತಿಗೆ ಹಾಕಿ, ವಾರ ವಾರ ಮೌನ ಹೆಚ್ಚಿಸಿ.

ವೆಸ್ಲಿ (ಮೆಥೊಡಿಸ್ಟ್) ಪರಂಪರೆಯ ಸಭೆಯವರಾದ್ರೆ ಕೊನೆಯ ವಾರಕ್ಕೆ ಒಡಂಬಡಿಕೆಯ ಪ್ರಾರ್ಥನೆ ಹೊಂದುತ್ತೆ. ಜಾನ್ ವೆಸ್ಲಿ 1755ರಲ್ಲಿ ಆರಂಭಿಸಿದ ಆರಾಧನೆ ಅದು. ತುಂಬಿದ್ದರೂ ಸರಿ ಬರಿದಾದರೂ ಸರಿ ಅನ್ನೋ ಅರ್ಥದ ಮಾತು ಅದರಲ್ಲಿದೆ. ಎಲ್ಲರ ಕೈಲಿ ಒಟ್ಟಿಗೆ ಹೇಳಿಸೋ ಮೊದಲು ಒಂದು ವಾರ ಮನೆಗೆ ಕೊಟ್ಟು ಕಳಿಸಿ, ಹೇಳಲಾರದವರು ಸುಮ್ಮನಿರಲಿ. ತುಟಿಯಲ್ಲಿ ಹೇಳಿ ದಾಟಿಸೋ ಮಾತಲ್ಲ ಅದು.

ಕಬ್ಬಿನಗದ್ದೆ:
ಇಬ್ಬಿಬ್ರಾಗಿ ಕುಂಡ್ರುಸೋವಾಗ ಹುಸಾರು. ಗಂಡ-ಹೆಂಡ್ತಿ ಒಂದು ಜೋಡಿ ಮಾಡ್ಬ್ಯಾಡಿ, ಸಾಲ ಕೊಟ್ಟೋನು ಈಸ್ಕೊಂಡೋನು ಮೊದ್ಲೇ ಬ್ಯಾಡ. ಸಾಲದ ಮಾತು ಬಂದ್ರೆ ಬುದ್ಧಿವಾದ ಹೇಳಂಗಿಲ್ಲ, ಪ್ರಾರ್ಥನೆ ಮಾಡಿ ಬುಡ್ಬೇಕು. ಆಚೆ ಟೀ ಅಂಗಡೀಲಿ ಆ ಮಾತು ಬಂತೋ, ಮುಂದ್ಲ ವಾರ ಯಾರೂ ಬಾಯಿ ಬುಡಕ್ಕಿಲ್ಲ.

ಮಂಡಿಮೊಹಲ್ಲಾ:
ಕೊನೇದು. ಪ್ರತಿ ಕೂಟದ ಕೊನೆಗೆ ಕಾಣಿಕೆ ಎತ್ತಬೇಕಾ? ಮನಸ್ಸು ಕರಗಿದ ಹೊತ್ತಲ್ಲಿ ಕೊಡ್ತಾರೆ ಅಂತ ಕೆಲವರ ಅಭಿಪ್ರಾಯ.

ಲೆಕ್ಕಪತ್ರ:
ಎತ್ತಲೇಬೇಡಿ. ಮನಸ್ಸು ಕರಗಿದ ಹೊತ್ತು ಅಂತಲೇ ಬೇಡ. ಕಣ್ಣೀರಲ್ಲಿ ಸರ ಬಿಚ್ಚಿ ಕೊಟ್ಟವರು ಸೋಮವಾರ ಮನೆಯಲ್ಲಿ ಲೆಕ್ಕ ಹೇಳಬೇಕಾಗುತ್ತೆ, ಆಮೇಲೆ ಆ ಕುಟುಂಬವೇ ಕೂಟಕ್ಕೆ ಬರಲ್ಲ. ಯಾರಾದ್ರೂ ದೊಡ್ಡದಾಗಿ ಏನಾದ್ರೂ ಕೊಡ್ತೀನಿ ಅಂದ್ರೆ ಅಲ್ಲೇ ಘೋಷಣೆ ಮಾಡಿಸಬೇಡಿ, ಪ್ರಸಂಗಿ 5:4-5 ತೋರಿಸಿ. ಏಳು ದಿನ ಪ್ರಾರ್ಥಿಸಲಿ, ಗಂಡ ಅಥವಾ ಹೆಂಡತಿಗೆ ಹೇಳಲಿ. ಅಪ್ಪ-ಅಮ್ಮನ ಔಷಧಿ, ಮಕ್ಕಳ ಫೀಸು, ಕೂಲಿ ಬಾಕಿ ಇದ್ಯಾ ನೋಡ್ಕೊಳ್ಳಲಿ. ಮಾರ್ಕ 7:11ರಲ್ಲಿ ಕೊರ್ಬಾನ್ ಅಂತ ದೇವರ ಹೆಸರು ಹೇಳಿ ಹೆತ್ತವರ ಪಾಲನ್ನ ತಪ್ಪಿಸಿದವರನ್ನ ಯೇಸು ಬೈದಿದ್ದಾನೆ. ಹೊಲ ಮಾರಿ ಹಣ ತಂದ ಅನನೀಯನ ಕಥೆಯಲ್ಲೂ (ಅಪೊಸ್ತಲರ ಕೃತ್ಯಗಳು 5) ಪೇತ್ರ ಹೇಳೋದು ಹೊಲ ನಿನ್ನದೇ ಆಗಿತ್ತು, ಮಾರಿದ ಹಣವೂ ನಿನ್ನ ವಶದಲ್ಲೇ ಇತ್ತು ಅಂತ. ತಪ್ಪಾಗಿದ್ದು ಒಂದು ಪಾಲು ಇಟ್ಕೊಂಡು ಪೂರ್ತಿ ಅಂತ ತೋರಿಸ್ಕೊಂಡಿದ್ದು.

ಜಕ್ಕಾಯನ ವಾರದಲ್ಲಿ ಬಡವರಿಗೆ ಅರ್ಧ ಅನ್ನೋದರ ಜೊತೆಗೆ ಅನ್ಯಾಯವಾಗಿ ತಗೊಂಡಿದ್ದಕ್ಕೆ ನಾಲ್ಕರಷ್ಟು ಅನ್ನೋದನ್ನೂ ಓದಿಸಿ. ಬಾಡಿಗೆದಾರರ ಅಡ್ವಾನ್ಸ್ ಹಿಡ್ಕೊಂಡಿರೋರು, ಅಣ್ಣ-ತಂಗಿ ಪಾಲು ಕೊಡದೇ ಇರೋರು ಅದನ್ನ ಮೊದಲು ತೀರಿಸಲಿ. ಅದಕ್ಕೆ ರಸೀದಿ ಹಾಕೋ ಕೆಲಸ ಸಭೆಗಿಲ್ಲ, ನಿಮ್ಮ ಕೂಟದಲ್ಲಿ ಯಾರೂ ಬಂದು ಸಾಕ್ಷಿ ಹೇಳಬೇಕಾಗಿಯೂ ಇಲ್ಲ. ಶುಕ್ರವಾರದ ಡಬ್ಬಿಗಳನ್ನ ಈಸ್ಟರ್ ಹಿಂದಿನ ಶನಿವಾರ ಒಟ್ಟು ಮಾಡಿ, ಇಬ್ಬರು ಎಣಿಸಿ ಇಬ್ಬರೂ ಸಹಿ ಹಾಕಿ, ಯಾರ ಡಬ್ಬಿಯಲ್ಲಿ ಎಷ್ಟಿತ್ತು ಅಂತ ಬರೆಯೋದು ಬೇಡ. ಒಟ್ಟು ಮೊತ್ತ ಒಂದೇ ಸಾಲಲ್ಲಿ ಸಾಕು.